ಎರಡು ಸೆಕೆಂಡಿನ ಗುಡಿ: ಶಿಖರ ಬಿಡಿ, ಅಂಚು ನೋಡಿ

ಪ್ರಶ್ನೆ: ಪ್ರವಾಸ ಸ್ಪರ್ಧೆಯ ಟಿವಿ ಕಾರ್ಯಕ್ರಮಗಳೆಂದರೆ ನಮ್ಮ ಗೆಳೆಯರ ಗುಂಪಿಗೆ ವಿಪರೀತ ಹುಚ್ಚು. ಈಚೆಗೆ ನೋಡಿದ ಒಂದು ಟ್ರೇಲರ್‌ನಲ್ಲಿ ನಾಲ್ಕು ಗುಡಿಗಳು ಕಂಡವು. ಒಂದೊಂದೂ ಎರಡೇ ಸೆಕೆಂಡು. ಊರಿನ ಹೆಸರು ಎಲ್ಲೂ ಹಾಕಿಲ್ಲ. ಕೆಲವರು ಒಡಿಶಾ ಅಂತಾರೆ, ಕೆಲವರು ಖಜುರಾಹೊ, ಒಬ್ಬನಂತೂ ಕಾಂಬೋಡಿಯಾ ಅಂತ ಪಟ್ಟು ಹಿಡಿದಿದ್ದಾನೆ. ನನಗೆ ಹೆಚ್ಚಿನವು ನಮ್ಮ ಜಿಲ್ಲೆಯವೇ ಅನ್ನಿಸುತ್ತದೆ. ನಾಲ್ಕೂ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ, ಒಂದೊಂದಕ್ಕೂ ನಮ್ಮ ಗುಂಪಿನ ಊಹೆಗಳನ್ನೂ ಬರೆದಿದ್ದೇನೆ. ಇಷ್ಟು ಚಿಕ್ಕ ತುಣುಕಿನಿಂದ ಜಾಗ ಖಚಿತವಾಗಿ ಹೇಳಬಹುದಾ ಸರ್? ಹೇಗೆ? – ಬಾಗಲಕೋಟೆ ವಿದ್ಯಾಗಿರಿಯ ಓದುಗ

ಉತ್ತರ: ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಒಂದನೆಯದು ಪಟ್ಟದಕಲ್ಲಿನ ಗಳಗನಾಥ ಗುಡಿ. ಎರಡನೆಯದು ಮಹಾಕೂಟ. ಮೂರನೆಯದು ಐಹೊಳೆಯ ದುರ್ಗ ಗುಡಿ, ಅದರಲ್ಲಿ ಅನುಮಾನವೇ ಬೇಡ. ನಾಲ್ಕನೆಯದನ್ನು ಆ ಒಂದು ಫ್ರೇಮ್ ಇಟ್ಟುಕೊಂಡು ಯಾರೂ ಹೇಳಲಾರರು. ಹೇಳಿದವರನ್ನು ನಂಬಲೂಬೇಡಿ.

ಇಂಥ ಊಹೆಯ ಆಟ ಹೊಸದೇನಲ್ಲ. ‘ದಿ ಅಮೇಜಿಂಗ್ ರೇಸ್’ ಅಮೆರಿಕದಲ್ಲಿ 2001ರಲ್ಲಿ ಶುರುವಾಯಿತು. ಮೊದಲ ಸೀಸನ್ನಿನಲ್ಲೇ ಸ್ಪರ್ಧಿಗಳು ದೆಹಲಿ, ಆಗ್ರಾಕ್ಕೆ ಬಂದು ಹೋದರು. ಅಂಥ ಕಾರ್ಯಕ್ರಮಗಳ ಅಭಿಮಾನಿಗಳು ಟ್ರೇಲರ್ ಬಂದ ಕೂಡಲೇ ಅದನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ಜಾಗ ಹುಡುಕುತ್ತಾರೆ. ತಾಜ್ ಮಹಲ್ ಆದರೆ ಹುಡುಕುವ ಕೆಲಸವೇ ಇಲ್ಲ. ಗುಡಿಗಳ ವಿಷಯದಲ್ಲಿ ಎಲ್ಲರೂ ಮುಗ್ಗರಿಸುವುದು ಒಂದೇ ಕಡೆ. ಕಣ್ಣು ನೇರ ಶಿಖರಕ್ಕೆ ಹೋಗುತ್ತದೆ. ಬಾಗಿದ ಶಿಖರ ಕಂಡರೆ ಉತ್ತರ ಭಾರತ, ಮೆಟ್ಟಿಲು ಮೆಟ್ಟಿಲಾಗಿದ್ದರೆ ದಕ್ಷಿಣ ಅಂತ ತೀರ್ಮಾನ. ಶಾಲೆಯಲ್ಲಿ ಕಲಿತದ್ದು ಅಷ್ಟೇ ಅಲ್ವಾ.

ಆ ಪಾಠ ನಮ್ಮ ಮಲಪ್ರಭೆಯ ದಂಡೆಯಲ್ಲಿ ನಡೆಯುವುದಿಲ್ಲ. ಪಟ್ಟದಕಲ್ಲಿನ ಒಂದೇ ಆವರಣದಲ್ಲಿ ಎರಡೂ ಬಗೆಯ ಶಿಖರಗಳು ಅಕ್ಕಪಕ್ಕ ನಿಂತಿವೆ. ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ಗುಡಿಗಳದ್ದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ. ಗಳಗನಾಥ, ಜಂಬುಲಿಂಗ, ಕಾಡಸಿದ್ದೇಶ್ವರ, ಕಾಶಿ ವಿಶ್ವನಾಥ ಗುಡಿಗಳದ್ದು ಬಾಗಿ ಏರುವ ನಾಗರ ಶಿಖರ. ಪಾಪನಾಥದ ಶಿಖರವೂ ನಾಗರವೇ, ಆದರೆ ಗೋಡೆಯ ಅಲಂಕಾರದಲ್ಲಿ ದಕ್ಷಿಣದ ಕೈವಾಡ ಎದ್ದು ಕಾಣುತ್ತದೆ. ಬಾದಾಮಿ ಚಾಲುಕ್ಯರ ದೊರೆ 2ನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ್ದು ವಿರೂಪಾಕ್ಷ. ಈ ಗುಂಪು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡು ಶೈಲಿ ಒಂದೇ ಕಡೆ ಸಿಗುತ್ತವೆ ಅನ್ನುವುದೂ ಅದಕ್ಕೊಂದು ಕಾರಣ. ಇಂಥ ಊರು ಇರುವಾಗ ಶಿಖರ ನೋಡಿ ರಾಜ್ಯ ಹೇಳುವುದು ಜೂಜು.

ಹಾಗಾಗಿ ನಾನು ಚೌಕಟ್ಟಿನ ನಡುವೆ ಇರುವುದನ್ನು ಕೊನೆಗೆ ನೋಡುತ್ತೇನೆ. ಮೊದಲು ಅಂಚು. ನೆಲ ಹೇಗಿದೆ, ಕಲ್ಲಿನ ಪದರ ಹೇಗಿದೆ, ಪಕ್ಕದ ಕಟ್ಟಡದ ತುಂಡು ಕಾಣುತ್ತದಾ, ಹಿಂದೆ ಗುಡ್ಡವಿದೆಯಾ, ಓಡುವವರ ಕಾಲಲ್ಲಿ ಬೂಟಿದೆಯಾ. ಕ್ಯಾಮೆರಾದವರು ನಡುವಿನದ್ದನ್ನು ಚೆಂದ ಮಾಡುತ್ತಾರೆ. ಅಂಚಿನ ಕಡೆ ಅವರ ಗಮನ ಕಡಿಮೆ. ನಮಗೆ ಬೇಕಾದ್ದು ಅಲ್ಲೇ ಉಳಿದಿರುತ್ತದೆ.

ನಿಮ್ಮ ಮೊದಲ ಫ್ರೇಮ್ ತೆಗೆದುಕೊಳ್ಳೋಣ. ಕೆಂಪು ಕಲ್ಲಿನ ಬಾಗಿದ ಶಿಖರ, ಮುಂದೆ ಬ್ಯಾಗ್ ಹೊತ್ತು ಓಡುತ್ತಿರುವ ಹುಡುಗಿ. ಖಜುರಾಹೊ ಅಲ್ಲ. ಅಲ್ಲಿನ ದೊಡ್ಡ ಗುಡಿಗಳಲ್ಲಿ ಮುಖ್ಯ ಶಿಖರದ ಮೈಗೆ ಚಿಕ್ಕ ಚಿಕ್ಕ ಶಿಖರಗಳು ಅಂಟಿಕೊಂಡು ಗುಂಪಾಗಿ ಮೇಲೇರುತ್ತವೆ, ಇಡೀ ಗುಡಿ ಎತ್ತರದ ಜಗತಿಯ, ಅಂದರೆ ಕಲ್ಲುಕಟ್ಟೆಯ ಮೇಲೆ ಇರುತ್ತದೆ. ನಿಮ್ಮದರಲ್ಲಿ ಒಂದೇ ಶಿಖರ, ಗಿಡ್ಡ, ಚೌಕ ಮೈಕಟ್ಟು. ಭುವನೇಶ್ವರದ ದೊಡ್ಡ ಗುಡಿಗಳೂ ಅಲ್ಲ. ಅವು ಬಹಳ ಎತ್ತರಕ್ಕೆ ನೆಟ್ಟಗೆ ಹೋಗಿ ತುದಿಯ ಹತ್ತಿರ ಮಾತ್ರ ಒಳಕ್ಕೆ ಬಾಗುತ್ತವೆ. ಅಲ್ಲಿನ ಹಳೆಯ ಪರಶುರಾಮೇಶ್ವರ ಗುಡಿ ನೋಡಲು ನಮ್ಮವಕ್ಕೆ ತುಸು ಹತ್ತಿರ, ನಿಜ. ಆದರೆ ಅದಕ್ಕೆ ಇಳಿಜಾರು ಚಾವಣಿಯ ಉದ್ದ ಮಂಟಪ ಮುಂದೆ ಗಟ್ಟಿಯಾಗಿ ನಿಂತಿದೆ. ನಿಮ್ಮ ಫ್ರೇಮಿನಲ್ಲಿ ಮುಂದಿನ ಮಂಟಪವೇ ಇಲ್ಲ.

ಕಾಂಬೋಡಿಯಾ ಅಂದ ಗೆಳೆಯ ತೀರಾ ದಡ್ಡನೇನಲ್ಲ. ಅಂಕೋರ್ ಹತ್ತಿರದ ಬಂತೇಯ್ ಸ್ರೇಯ್ ಕೂಡ ಕೆಂಪು ಮರಳುಗಲ್ಲಿನ ಗುಡಿ, 10ನೇ ಶತಮಾನದ್ದು. ಬಣ್ಣ ನೋಡಿದರೆ ಯಾರಿಗಾದರೂ ಮೋಸ ಆಗಬಹುದು. ಆದರೆ ಅಲ್ಲಿ ಬಾಗಿಲ ಮೇಲಿನ ತ್ರಿಕೋನದ ತುಂಬಾ ಬೆರಳಿಡಲು ಜಾಗವಿಲ್ಲದಂತೆ ಬಳ್ಳಿ ಕೆತ್ತನೆ ಇರುತ್ತದೆ. ನಿಮ್ಮ ಫ್ರೇಮಿನ ಗೋಡೆಯಲ್ಲಿ ಅಂಥದ್ದೇನೂ ಇಲ್ಲ.

ನಿಜವಾದ ಪೈಪೋಟಿ ಇರುವುದು ತೆಲಂಗಾಣದ ಆಲಂಪುರದ ಜತೆ. ಇದನ್ನು ನಿಮ್ಮ ಗುಂಪಿನಲ್ಲಿ ಯಾರೂ ಹೇಳಿಲ್ಲ ಅನ್ನುವುದೇ ಆಶ್ಚರ್ಯ! ತುಂಗಭದ್ರೆಯ ದಂಡೆಯ ನವಬ್ರಹ್ಮ ಗುಡಿಗಳನ್ನು ಕಟ್ಟಿಸಿದ್ದೂ ಇದೇ ಬಾದಾಮಿ ಚಾಲುಕ್ಯರ ಕಾಲದಲ್ಲಿ. ಅವುಗಳಲ್ಲಿ ಹೆಚ್ಚಿನವಕ್ಕೆ ಗಳಗನಾಥದಂಥದ್ದೇ ಶಿಖರ. ತುದಿಯಲ್ಲಿ ಅದೇ ಗೀರುಗಳ ದಪ್ಪ ಕಲ್ಲಿನ ಚಕ್ರ, ಅಂದರೆ ಆಮಲಕ. ಎರಡರ ಫೋಟೊ ಪಕ್ಕಪಕ್ಕ ಇಟ್ಟರೆ ಒಂದೇ ತಾಯಿಯ ಮಕ್ಕಳು. ಬರೀ ಶಿಖರದ ಮೇಲೆ ಇವೆರಡನ್ನು ಬೇರೆ ಮಾಡಲು ಹೋದರೆ ದಿನವಿಡೀ ಜಗಳವಾಡಬೇಕಾಗುತ್ತದೆ.

ಇಲ್ಲಿ ಅಂಚು ನೆರವಿಗೆ ಬರುತ್ತದೆ. ನಿಮ್ಮ ಫ್ರೇಮಿನ ಎಡ ತುದಿಯಲ್ಲಿ ಇನ್ನೊಂದು ಗುಡಿಯ ಮೇಲ್ಭಾಗ ಕತ್ತರಿಸಿದಂತೆ ಕಾಣುತ್ತದೆ. ದೊಡ್ಡದು ಮಾಡಿ ನೋಡಿ. ಅದು ಅಂತಸ್ತಿನ ಶಿಖರ, ಸಂಗಮೇಶ್ವರದ್ದು. ಗಳಗನಾಥದ ದಕ್ಷಿಣಕ್ಕೆ ಚಂದ್ರಶೇಖರ ಎಂಬ ಚಿಕ್ಕ ಗುಡಿ ಇದೆ, ಅದಕ್ಕೆ ಶಿಖರ ಇಲ್ಲ. ಅದರಾಚೆಗೆ ಸಂಗಮೇಶ್ವರ. ಗುಡಿಗಳ ಮುಖ ಪೂರ್ವಕ್ಕೆ, ಹೊಳೆಯ ಕಡೆಗೆ. ಮುಂದೆ ನಿಂತು ನೋಡುವವನಿಗೆ ದಕ್ಷಿಣ ಎಡಗಡೆ ಬರುತ್ತದೆ. ಲೆಕ್ಕ ಸರಿಹೋಯಿತು. ಗುಡಿಯ ಮುಖದ ಮೇಲೆ ಬಿಸಿಲು ಬಿದ್ದಿದೆ, ಅಂದರೆ ಚಿತ್ರೀಕರಣ ಬೆಳಗಿನ ಹೊತ್ತು. ಎಡಿಟ್ ಮಾಡುವವರು ಚಿತ್ರವನ್ನು ಎಡಬಲ ತಿರುವಿ ಹಾಕುವುದೂ ಉಂಟು. ಹಾಗೆ ಮಾಡಿದ್ದರೆ ಸಂಗಮೇಶ್ವರ ಬಲಕ್ಕೆ ಹೋಗಬೇಕಿತ್ತು. ಹೋಗಿಲ್ಲ.

ಇನ್ನೂ ಒಂದು ಸುಳಿವು ಅದೇ ಎಡಬದಿಯಲ್ಲಿದೆ. ಗಳಗನಾಥದ ಮಂಟಪ ಬಹುಪಾಲು ಬಿದ್ದುಹೋಗಿದೆ. ಗರ್ಭಗುಡಿಯ ಸುತ್ತ ಇದ್ದ ಪ್ರದಕ್ಷಿಣೆಯ ದಾರಿಯೂ ಹಾಳಾಗಿದೆ. ದಕ್ಷಿಣಕ್ಕೆ ಚಾಚಿಕೊಂಡ ಒಂದು ಚಿಕ್ಕ ಮಂಟಪ ಮಾತ್ರ ಉಳಿದುಕೊಂಡಿದೆ. ಅದರೊಳಗೆ ಅಂಧಕಾಸುರನನ್ನು ತ್ರಿಶೂಲದಿಂದ ತಿವಿಯುವ ಎಂಟು ಕೈಗಳ ಶಿವ. ಓಡುವ ಹುಡುಗಿಯ ಬ್ಯಾಗಿನ ಹಿಂದೆ ಆ ಮಂಟಪದ ಕಂಬ, ಒಳಗಿನ ಕತ್ತಲು, ಕತ್ತಲಲ್ಲಿ ಚಾಚಿದ ಒಂದು ಕಲ್ಲಿನ ಕಾಲು ಕಾಣುತ್ತವೆ. ಶಿಖರ ಪೂರ್ತಿ ಇದೆ, ಮುಂದಿನ ಮಂಟಪ ಇಲ್ಲ, ಪಕ್ಕದಲ್ಲಿ ಒಂಟಿ ಮಂಟಪ ಅಂಟಿಕೊಂಡಿದೆ. ಈ ಮೂರೂ ಸೇರಿದ ಗುಡಿ ಗಳಗನಾಥ ಒಂದೇ.

ಪಟ್ಟದಕಲ್ಲಿನೊಳಗೇ ಗೊಂದಲ ಆದರೆ ತುದಿ ನೋಡಿ. ಗಳಗನಾಥದ ಮೇಲೆ ಆಮಲಕ, ಕಳಶ ಎರಡೂ ಉಳಿದಿವೆ. ಕಾಶಿ ವಿಶ್ವನಾಥದ ಮೇಲೆ ಅವು ಇಲ್ಲ. ಬದಲಿಗೆ ಅದರ ಶಿಖರದ ಮೈಮೇಲೆ ಜಾಲರಿಯಂಥ ಕೆತ್ತನೆ ದಟ್ಟವಾಗಿದೆ. ಜಂಬುಲಿಂಗ, ಕಾಡಸಿದ್ದೇಶ್ವರಗಳ ಶಿಖರದ ಮುಂಭಾಗದಲ್ಲಿ ಕುಣಿಯುವ ಶಿವ ಇದ್ದಾನೆ. ಪಾಪನಾಥ ಉಳಿದವುಗಳಿಂದ ದೂರ ದಕ್ಷಿಣಕ್ಕಿದೆ. ಅದರ ಕಟ್ಟಡ ಉದ್ದ, ಅದಕ್ಕೆ ಹೋಲಿಸಿದರೆ ಶಿಖರ ಸಣ್ಣದು.

ಬಣ್ಣದ ಬಗ್ಗೆ ಒಂದು ಮಾತು. ಟಿವಿಯವರು ಬಣ್ಣ ತಿದ್ದದೆ ಏನನ್ನೂ ತೋರಿಸುವುದಿಲ್ಲ. ನಮ್ಮ ಮಾಸಲು ಕೆಂಪು ಕಲ್ಲು ಟ್ರೇಲರ್‌ನಲ್ಲಿ ಕಿತ್ತಳೆ ಆಗುತ್ತದೆ, ಸಂಜೆಯ ದೃಶ್ಯವಾದರೆ ತಾಮ್ರ. ಆದ್ದರಿಂದ ಬಣ್ಣ ಬಿಟ್ಟು ಪದರ ನೋಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಮರಳು ಹರಿದು ಕೂತ ಗೆರೆಗಳು ಓರೆಯಾಗಿ ಕಾಣುತ್ತವೆ. ವಿಜಯಪುರದ ಕಡೆ ಹೋದರೆ ಕಪ್ಪು ಕಗ್ಗಲ್ಲು, ಅದರಲ್ಲಿ ಇಂಥ ಗೆರೆ ಇರುವುದಿಲ್ಲ. ಬಾದಾಮಿಯ ಗುಹೆಗಳಲ್ಲಂತೂ ಕಂಬವನ್ನು ಬಂಡೆಯಿಂದಲೇ ಕಡೆದಿದ್ದರಿಂದ ಒಂದು ಕಂಬದ ಗೆರೆ ಪಕ್ಕದ ಕಂಬದಲ್ಲೂ ಮುಂದುವರಿಯುತ್ತದೆ. ಸಿನಿಮಾ ಸೆಟ್ ಹಾಕುವವರು ಇದನ್ನು ಮಾಡಲಾರರು.

ಎರಡನೆಯ ಫ್ರೇಮ್: ಮೆಟ್ಟಿಲುಗಳ ಹೊಂಡ, ನೀರಿನ ನಡುವೆ ಪುಟ್ಟ ಮಂಟಪ. ನಿಮ್ಮವರು ಬನಶಂಕರಿ ಅಂದದ್ದು ಸಹಜ, ಎರಡೂ ಬಾದಾಮಿಗೆ ಹತ್ತಿರವೇ. ಆದರೆ ಬನಶಂಕರಿಯ ಹರಿದ್ರಾ ತೀರ್ಥ ಬಹಳ ದೊಡ್ಡದು. ಮೂರು ಬದಿಗೂ ಕಲ್ಲಿನ ಕಂಬಗಳ ಪಡಸಾಲೆ ಇದೆ, ದಂಡೆಯಲ್ಲಿ ಎತ್ತರದ ದೀಪಸ್ತಂಭ. ಮಹಾಕೂಟದ ವಿಷ್ಣು ಪುಷ್ಕರಣಿ ಚಿಕ್ಕದು. ನೀರು ಊಟೆಯಿಂದ ಬರುತ್ತದೆ. ಮೇಲೆ ದೊಡ್ಡ ಮರಗಳ ನೆರಳು, ಸುತ್ತ ಒತ್ತೊತ್ತಾಗಿ ಗುಡಿಗಳು. ನೀರಿನೊಳಗಿನ ಮಂಟಪದಲ್ಲಿ ಮುಖಗಳನ್ನು ಕಡೆದ ಲಿಂಗ ಇದೆ. ನಿಮ್ಮ ಫ್ರೇಮಿನಲ್ಲಿ ಕಂಬಗಳ ಪಡಸಾಲೆ ಎಲ್ಲೂ ಇಲ್ಲ, ನೀರಿನ ಮೇಲೆ ಎಲೆಗಳ ನೆರಳು ಚೂರುಚೂರಾಗಿ ಬಿದ್ದಿದೆ, ಹಿಂದೆ ಗುಡಿಯ ಗೋಡೆ ಕೈಗೆಟುಕುವಷ್ಟು ಹತ್ತಿರ. ಇಷ್ಟು ಸಾಕು.

ಬೇಕಿದ್ದರೆ ಜನರನ್ನೂ ನೋಡಿ. ಮೆಟ್ಟಿಲ ಮೇಲೆ ಕೂತ ಅಜ್ಜಿಯ ಮೈಮೇಲೆ ಇಳಕಲ್ ಸೀರೆ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆಗಳು, ಗುಳೇದಗುಡ್ಡದ ಖಣದ ಕುಪ್ಪಸ. ಸೀರೆ ಎಲ್ಲಿ ಬೇಕಾದರೂ ಹೋಗುತ್ತದೆ, ಅದೊಂದನ್ನೇ ಸಾಕ್ಷಿ ಮಾಡಬಾರದು. ಆದರೆ ಹೊಂಡ, ಮರ, ಗೋಡೆ ಎಲ್ಲಾ ಒಂದೇ ಕಡೆ ಬೆರಳು ತೋರಿಸುವಾಗ ಅಜ್ಜಿಯ ಸೆರಗು ಮುದ್ರೆ ಒತ್ತಿದ ಹಾಗೆ. ಇದು ಬನಶಂಕರಿ ಆಗಿದ್ದು ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಚಿತ್ರೀಕರಣ ನಡೆದಿದ್ದರೆ ನಾಟಕ ಕಂಪನಿಗಳ ತಗಡಿನ ಥಿಯೇಟರು, ಬೋರ್ಡು ಇಣುಕದೆ ಇರುತ್ತಿರಲಿಲ್ಲ.

ಮಹಾಕೂಟದ ಹೆಸರು ಬಂದಾಗ ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಚಾಲುಕ್ಯ ದೊರೆ ಮಂಗಳೇಶನ ಪ್ರಸಿದ್ಧ ಶಾಸನದ ಕಂಬ ಈಗ ಅಲ್ಲಿಲ್ಲ, ವಿಜಯಪುರದಲ್ಲಿ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಟ್ರೇಲರ್‌ನಲ್ಲಿ ಆ ಕಂಬ ಕಂಡರೆ ತಂಡ ಮಹಾಕೂಟಕ್ಕೆ ಮರಳಿದೆ ಅಂತ ಕುಣಿಯಬೇಡಿ, ವಿಜಯಪುರಕ್ಕೆ ಹೋಗಿದೆ ಅಂತ ಅರ್ಥ.

ಮೂರನೆಯದಕ್ಕೆ ಜಾಸ್ತಿ ಮಾತು ಬೇಡ. ಗುಡಿಯ ಹಿಂಭಾಗ ಅರ್ಧಚಂದ್ರಾಕಾರವಾಗಿ ತಿರುಗಿದೆ, ಅದರ ಸುತ್ತ ಕಂಬಗಳ ತೆರೆದ ಪಡಸಾಲೆಯೂ ತಿರುಗಿದೆ. ಹಿಂಬದಿ ದುಂಡಗಿರುವ ಗುಡಿ ಬೇರೆ ಕಡೆಯೂ ಇವೆ. ಮಹಾರಾಷ್ಟ್ರದ ತೇರ್‌ನಲ್ಲಿ, ಆಂಧ್ರದ ಚೇಜರ್ಲದಲ್ಲಿ, ಮಹಾಬಲಿಪುರದ ಸಹದೇವ ರಥದಲ್ಲಿ. ಆದರೆ ಅವ್ಯಾವುದಕ್ಕೂ ಹೊರಗೆ ಇಂಥ ಕಂಬಗಳ ಪಡಸಾಲೆ ಇಲ್ಲ. ಅದರ ಮೇಲೆ ತುದಿ ಮುರಿದ ಶಿಖರ ಬೇರೆ. ಐಹೊಳೆಯ ದುರ್ಗ ಗುಡಿ, ಮುಗಿಯಿತು. ಸೆಟ್ ಇರಬಹುದಾ ಅಂತ ಯಾರೋ ಕೇಳಿದ್ದಾರಂತೆ. ಸೆಟ್ಟಿನಲ್ಲಿ ಒಂದು ಅಚ್ಚು ಮಾಡಿ ಹತ್ತು ಕಂಬ ಎರಕ ಹೊಯ್ಯುತ್ತಾರೆ. ನಿಮ್ಮ ಫ್ರೇಮಿನ ಮುಂದಿನ ಎರಡು ಕಂಬಗಳನ್ನು ಹೋಲಿಸಿ ನೋಡಿ, ಒಂದರ ಮೇಲಿನ ಜೋಡಿಯೇ ಬೇರೆ, ಇನ್ನೊಂದರದ್ದೇ ಬೇರೆ.

ಕಾಲುಗಳನ್ನು ಗಮನಿಸಿದಿರಾ? ಮೂರನೆಯದರಲ್ಲಿ ಸ್ಪರ್ಧಿಗಳು ಬೂಟು ಹಾಕಿಕೊಂಡೇ ಪಡಸಾಲೆಯಲ್ಲಿ ಓಡುತ್ತಿದ್ದಾರೆ. ಎರಡನೆಯದರಲ್ಲಿ ಬರಿಗಾಲು. ದುರ್ಗ ಗುಡಿಯಲ್ಲಿ ಈಗ ಪೂಜೆ ಇಲ್ಲ, ಅದು ಸ್ಮಾರಕ. ಮಹಾಕೂಟದಲ್ಲಿ ದಿನಾ ಪೂಜೆ ನಡೆಯುತ್ತದೆ. ಪಟ್ಟದಕಲ್ಲಿನಲ್ಲೂ ವಿರೂಪಾಕ್ಷದೊಳಗೆ ಹೋಗುವಾಗ ಚಪ್ಪಲಿ ಹೊರಗೇ ಬಿಡಬೇಕು. ಹುಲ್ಲುಹಾಸು, ಕಬ್ಬಿಣದ ಬೇಲಿ, ನೀಲಿ ಫಲಕ ಕಂಡರೆ ಪುರಾತತ್ವ ಇಲಾಖೆಯ ಜಾಗ. ಎಣ್ಣೆ ಜಿಡ್ಡು, ಕುಂಕುಮ, ತೆಂಗಿನ ಸಿಪ್ಪೆ ಕಂಡರೆ ಪೂಜೆ ನಡೆಯುವ ಗುಡಿ. ಶಿಖರಕ್ಕಿಂತ ಈ ಒಂದು ವಿಂಗಡಣೆಯೇ ಅರ್ಧ ಪಟ್ಟಿಯನ್ನು ಅಳಿಸಿಹಾಕುತ್ತದೆ.

ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳಲ್ಲಿ ಸಿನಿಮಾ, ಟಿವಿ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. 1958ರ ಕಾಯ್ದೆ, 1959ರ ನಿಯಮಗಳಲ್ಲೇ ಅದು ಇದೆ. ಅದರಿಂದ ನನ್ನ ಒಂದು ಅಂದಾಜು: ಇಂಥ ಕಾರ್ಯಕ್ರಮಗಳಲ್ಲಿ ಸ್ಮಾರಕದ ಮುಂದೆ ಓಡುವುದನ್ನಷ್ಟೇ ತೋರಿಸಿ, ಗಲಾಟೆಯ ಆಟಗಳನ್ನೆಲ್ಲ ಹೊರಗೆ ಸಂತೆಯಲ್ಲಿ, ಮಗ್ಗದ ಮನೆಯಲ್ಲಿ, ಹೊಲದಲ್ಲಿ ಆಡಿಸುತ್ತಾರೆ. ಹಾಗಾಗಿ ಟ್ರೇಲರ್‌ನಲ್ಲಿ ಗುಡಿಯ ದೃಶ್ಯದ ಬೆನ್ನಿಗೇ ಬರುವ ಬೀದಿ ಅದೇ ಊರಿನದು ಅಂದುಕೊಳ್ಳಬೇಡಿ. ಟ್ರೇಲರ್ ಕಟ್ಟುವವರಿಗೆ ಊರುಗಳ ಕ್ರಮ ಮುಖ್ಯವಲ್ಲ, ವೇಗ ಮುಖ್ಯ. ಪ್ರತಿ ಫ್ರೇಮನ್ನೂ ಒಂಟಿಯಾಗಿಯೇ ವಿಚಾರಿಸಿ.

ಬೀದಿ ಕಂಡಾಗ ಮಾತ್ರ ಗುಡಿಗಿಂತ ಸುಲಭ. ಬೈಕಿನ ನಂಬರ್ ಪ್ಲೇಟು ಓದಲು ಸಿಕ್ಕರೆ ಕೆಎ-29 ಬಾಗಲಕೋಟೆ, ಕೆಎ-48 ಜಮಖಂಡಿ, ಕೆಎ-28 ವಿಜಯಪುರ, ಕೆಎ-22 ಬೆಳಗಾವಿ, ಕೆಎ-26 ಗದಗ. ಟಿಎಸ್ ಅಥವಾ ಟಿಜಿ ಅಂತಿದ್ದರೆ ಆಲಂಪುರದ ಕಡೆ ತಿರುಗಿ. ಒಂದೇ ಗಾಡಿ ನೆಚ್ಚಿಕೊಳ್ಳಬೇಡಿ, ಪ್ರವಾಸಿ ಗಾಡಿಗಳು ಎಲ್ಲಿಂದಲೋ ಬಂದಿರುತ್ತವೆ. ಸಾಲಾಗಿ ನಿಂತ ಬೈಕುಗಳಲ್ಲಿ ಹೆಚ್ಚಿನವು ಎಲ್ಲಿಯವು ಅಂತ ನೋಡಿ. ಸರ್ಕಾರಿ ಬಸ್ಸೂ ಸುಳಿವೇ. ಬಾಗಲಕೋಟೆ, ಬೆಳಗಾವಿ ವಾಯವ್ಯ ಕರ್ನಾಟಕ ಸಾರಿಗೆಗೆ ಸೇರಿವೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ಬಸ್ಸಿನ ಮೈಮೇಲಿನ ಹೆಸರು ಮಸುಕಾಗಿದ್ದರೂ ಅಕ್ಷರ ಕನ್ನಡದ್ದೋ ತೆಲುಗಿನದ್ದೋ ಅಂತ ತಿಳಿದರೆ ಅರ್ಧ ಗೆದ್ದಂತೆ.

ಇನ್ನು ನಾಲ್ಕನೆಯದು. ಕತ್ತಲ ಮಂಟಪ, ಮಿರಿಮಿರಿ ಮಿಂಚುವ ದುಂಡು ಕಂಬಗಳು. ನಿಮ್ಮ ಗುಂಪು ಬೇಲೂರು ಅಂತ ಬರೆದಿದೆ. ನೀವು ಬೆಳಗಾವಿ ಕೋಟೆಯ ಕಮಲ ಬಸದಿ ಅಂದಿದ್ದೀರಿ. ಎರಡೂ ಆಗಬಹುದು, ಎರಡೂ ಅಲ್ಲದೆಯೂ ಇರಬಹುದು. ತಿರುಗಿಸಿ ಕಡೆದ ಇಂಥ ಕಂಬಗಳು ಕಲ್ಯಾಣ ಚಾಲುಕ್ಯರ ಕಾಲದಿಂದ ಹೊಯ್ಸಳರವರೆಗೆ ನಾಡಿನ ತುಂಬಾ ಇವೆ. ಲಕ್ಕುಂಡಿಯಲ್ಲಿವೆ, ಇಟಗಿಯಲ್ಲಿವೆ, ಹಾನಗಲ್ಲಿನಲ್ಲಿವೆ, ಬಳ್ಳಿಗಾವಿಯಲ್ಲಿವೆ. ಕಂಬದಿಂದ ಕಾಲ ಹೇಳಬಹುದು, ಊರು ಹೇಳಲು ಆಗುವುದಿಲ್ಲ. ಕಮಲ ಬಸದಿ ರಟ್ಟ ಅರಸರ ಕಾಲದ್ದು, 1204ರಲ್ಲಿ ಕಟ್ಟಿದ್ದು. ಅದನ್ನು ಗುರುತಿಸಬೇಕಾದರೆ ತಲೆಯೆತ್ತಿ ನೋಡಬೇಕು. ಮುಂದಿನ ಮಂಟಪದ ಚಾವಣಿಯಿಂದ ದೊಡ್ಡ ಕಲ್ಲಿನ ಕಮಲ ಕೆಳಮುಖವಾಗಿ ತೂಗುತ್ತದೆ. ನಿಮ್ಮ ಫ್ರೇಮ್ ಕಂಬದ ನಡುವಿಗೇ ನಿಂತುಬಿಟ್ಟಿದೆ. ಆ ದೃಶ್ಯದಲ್ಲಿ ಕ್ಯಾಮೆರಾ ಮೇಲಕ್ಕೆ ಏಳುತ್ತದಾ ಅಂತ ಟ್ರೇಲರ್ ನಿಧಾನಕ್ಕೆ ಓಡಿಸಿ ನೋಡಿ. ಎದ್ದರೆ ನಿಮ್ಮ ಮಾತು ನಿಜವೋ ಸುಳ್ಳೋ ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಬೆಳಗಾವಿ ಜಿಲ್ಲೆಯದ್ದೇ ಇರಬೇಕು ಅಂತ ನಿಮಗೆ ಬಲವಾಗಿ ಅನ್ನಿಸಿದರೆ ಹಲಸಿಯನ್ನೂ ಪಟ್ಟಿಯಲ್ಲಿಡಿ. ಖಾನಾಪುರ ತಾಲ್ಲೂಕಿನ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇವೆ. ಕ್ಯಾಮೆರಾ ಒಂದು ದೇವರಿಂದ ನೇರ ಹಿಂದೆ ತಿರುಗಿ ಇನ್ನೊಂದು ದೇವರನ್ನು ತೋರಿಸಿದರೆ ಬೇರೆ ಕಡೆ ಹುಡುಕುವ ಮುನ್ನ ಅಲ್ಲಿಗೆ ಹೋಗಿ. ದೇಗಾವಿಯ ಕಮಲನಾರಾಯಣ ಗುಡಿಯಲ್ಲಿ ಮೂರು ಗರ್ಭಗುಡಿಗಳು ಒಂದೇ ಸಾಲಿನಲ್ಲಿವೆ. ಅದೂ ಎರಡು ಸೆಕೆಂಡಿನಲ್ಲಿ ಹಿಡಿಯಬಹುದಾದ ಗುರುತೇ.

ಒಂದು ಕೋರಿಕೆ ಇದೆ. ಚಿತ್ರೀಕರಣ ನಡೆಯುತ್ತಿರುವಾಗಲೇ ಜಾಗ ಪತ್ತೆಯಾದರೆ ಗುಂಪು ಕಟ್ಟಿಕೊಂಡು ಅಲ್ಲಿಗೆ ಹೋಗಬೇಡಿ. ಕಾರ್ಯಕ್ರಮ ಕೆಡುತ್ತದೆ ಅನ್ನುವುದು ನನ್ನ ಚಿಂತೆಯಲ್ಲ. ಸೆಲ್ಫಿಗಾಗಿ ಜನ ಗುಡಿಯ ಅಧಿಷ್ಠಾನದ, ಅಂದರೆ ಬುಡದ ಕಟ್ಟೆಯ ಮೇಲೆ ಹತ್ತುತ್ತಾರೆ, ಮರಳುಗಲ್ಲು ಮೆತ್ತಗೆ, ಬೂಟಿಗೆ ಸವೆಯುತ್ತದೆ. ಪ್ರಸಾರ ಆದ ಮೇಲೆ ಆರಾಮಾಗಿ ಹೋಗಿ. ಪಟ್ಟದಕಲ್ಲಿಗೆ ಬೆಳಗ್ಗೆಯೇ ಹೋದರೆ ಟ್ರೇಲರ್‌ನಲ್ಲಿ ಕಂಡ ಬೆಳಕು ಸಿಗುತ್ತದೆ. ಗಳಗನಾಥದ ಮುಂದೆ ನಿಂತು ಸಂಗಮೇಶ್ವರದ ತುದಿ ಎಡ ಅಂಚಿಗೆ ಬರುವವರೆಗೆ ಹಿಂದೆ ಸರಿಯಿರಿ, ಕ್ಯಾಮೆರಾ ನಿಂತ ಜಾಗ ಅದೇ. ಅಲ್ಲಿಂದ ಐಹೊಳೆ ಹತ್ತಿರ. ಮಹಾಕೂಟವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ, ನೆರಳೂ ಇದೆ, ನೀರೂ ಇದೆ.

ಮುಂದಿನ ಸಲ ಸ್ಕ್ರೀನ್‌ಶಾಟ್ ಕಳಿಸುವಾಗ ಗುಡಿ ದೊಡ್ಡದಾಗಿ ಕಾಣಲಿ ಅಂತ ಸುತ್ತ ಕತ್ತರಿಸಬೇಡಿ. ನಾಲ್ಕನೆಯದನ್ನು ಹಾಗೆ ಕತ್ತರಿಸಿದ್ದೀರಿ ಅಂತ ಅನ್ನಿಸುತ್ತದೆ, ಉಳಿದ ಮೂರಕ್ಕಿಂತ ಅದರ ಅಗಲ ಕಡಿಮೆ. ಪೂರ್ತಿ ಫ್ರೇಮ್ ಇದ್ದರೆ ಕಳಿಸಿ. ಅದರ ಹಿಂದಿನ, ಮುಂದಿನ ಫ್ರೇಮ್‌ಗಳೂ ಇರಲಿ.